ಗೆರೆಯಿಲ್ಲದ ಮಾತ್ರೆ

ರೈಲ್ವೆ ಸ್ಟೇಷನ್ನಿಗೆ ಕರೆದೊಯ್ಯಲು ಬಂದ ಟ್ಯಾಕ್ಸಿಯವನು ಹಾರ್ನ್ ಹೊಡೆದು ಹೊಡೆದು ಸಾಕಾಗಿ, ಪುಸ್ತಕ ಬೈಂಡಿಂಗ್ ಅಂಗಡಿಯೊಳಗೆ ಇಣುಕಿದ. ಬೈಂಡರ್ ರಟ್ಟಿನ ಹಾಳೆಗಳ ಮೇಲೆ ಒರಗಿದ್ದ. ಮೈಮೇಲೆ ಇಸ್ತ್ರಿ ಮಾಡಿದ ಅಂಗಿ. ಪಕ್ಕದಲ್ಲಿ ಸೂಟ್‌ಕೇಸ್. ನಾಲಿಗೆಯ ಕೆಳಗೆ ಅರ್ಧ ಕರಗಿದ ಮಾತ್ರೆ. ಜೀವ ಇರಲಿಲ್ಲ.

ಹೃದಯದ ಕಾಯಿಲೆಯವನು, ಸಹಜ ಸಾವು ಎಂದರು ಎಲ್ಲರೂ. ಇನ್‌ಸ್ಪೆಕ್ಟರ್ ಮಾತ್ರ ಅವನ ಕೈಲಿದ್ದ ಸೀಸೆ ತೆಗೆದುಕೊಂಡಳು. ಲೇಬಲ್ಲಿನ ಪ್ರಕಾರ ಅವಧಿ ಮುಗಿಯಲು ಇನ್ನೂ ಎರಡು ವರ್ಷ. ಆದರೆ ಮಾತ್ರೆ ಬೆರಳಲ್ಲಿ ಒತ್ತಿದರೆ ಪುಡಿಪುಡಿ.

"ಹನ್ನೆರಡು ವರ್ಷ ದೂರ ಇದ್ದ ಹೆಂಡ್ತಿ ಹತ್ರ ಹೊರಟಿದ್ದ," ಎಂದಳು ಅವನ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿದವಳು. "ಅವಳ ಕಾಗದ ಬಂದಾಗಿಂದ ಕಾಲು ನೆಲದ ಮೇಲೆ ನಿಲ್ತಿರ್ಲಿಲ್ಲ."

"ನೀವೆಲ್ಲಿದ್ರಿ?"

"ಅಂಗಡಿ ಹಿಂದೇನೇ ಮನೆ. ಅಡುಗೆಮನೇಲಿದ್ದೆ. ಏನೂ ಕೇಳಿಸ್ಲಿಲ್ಲ."

"ಮನೇಲಿ ಹಳೇ ಮಾತ್ರೆ ಇತ್ತಾ?"

"ಅವಧಿ ಮುಗಿದಿತ್ತು. ಸೀಸೆ ಸಮೇತ ಕಸಕ್ಕೆ ಹಾಕ್ದೆ."

*

ಹಳೆ ಸರಕನ್ನು ಹೊಸ ಸೀಸೆಗೆ ತುಂಬಿ ಮಾರಿದನೇ? ಅನುಮಾನ ಔಷಧಿ ಅಂಗಡಿಯವನ ಮೇಲೆ ಹೋಯಿತು. ಅವನ ಮುಖ ಕೆಂಪಾಯಿತು.

"ಹೋದ ವಾರ ನಾನು ಕೊಟ್ಟಿದ್ದು ಇದಲ್ಲ ಮೇಡಂ. ವರ್ಷದಿಂದೀಚೆಗೆ ಕಂಪನಿಯವರು ಮಾತ್ರೆ ಮೇಲೆ ಗೆರೆ ಹಾಕ್ತಿದ್ದಾರೆ. ಇವು ಬೋಳು. ಹಳೇವು."

"ಅವಧಿ ಮುಗಿದ್ರೆ ವಿಷ ಆಗುತ್ತಾ?"

"ಇದು ವಿಷ ಆಗಲ್ಲ, ಕಸುವು ಹೋಗುತ್ತೆ. ತಲೆನೋವಿನ ಮಾತ್ರೆ ಆದ್ರೆ ತಲೆ ನೋಯ್ತಾನೇ ಇರುತ್ತೆ, ಅಷ್ಟೆ. ಆದ್ರೆ ಎದೆ ಹಿಡ್ಕೊಂಡಾಗ ಇದು ಕೈ ಕೊಟ್ರೆ..."

ಮೂಲೆಯಲ್ಲಿ ಹಳೆ ಔಷಧ ವಾಪಸ್ ಹಾಕುವ ಪೆಟ್ಟಿಗೆಯಿತ್ತು. ಇನ್‌ಸ್ಪೆಕ್ಟರ್ ಅದನ್ನು ನೆಲಕ್ಕೆ ಸುರಿದಳು. ಬೈಂಡರನ ಹೆಸರು ಬರೆದ, ಅವಧಿ ಮುಗಿದ ಸೀಸೆಯೊಂದು ಉರುಳಿತು. ಒಳಗೆ ಗೆರೆಯಿದ್ದ ಹೊಸ ಮಾತ್ರೆಗಳು.

"ಯಾರು ಹಾಕಿದ್ದು?"

ಅಂಗಡಿಯವನು ತಡವರಿಸಿದ. "ನಿನ್ನೆ... ಅವರಕ್ಕ ಬಂದಿದ್ರು."

*

ಇನ್‌ಸ್ಪೆಕ್ಟರ್ ಎರಡೂ ಸೀಸೆಗಳನ್ನು ಅಕ್ಕನ ಮುಂದಿಟ್ಟಳು.

"ಹಳೇದನ್ನ ಹೊಸ ಸೀಸೆಗೆ, ಹೊಸದನ್ನ ಹಳೇ ಸೀಸೆಗೆ ತುಂಬಿದ್ರಿ. ಹಳೇ ಸೀಸೆ ಕಸಕ್ಕೆ ಹೋಗಿರ್ಲಿಲ್ಲ, ಅಂಗಡಿ ಪೆಟ್ಟಿಗೇಲಿತ್ತು. ಪೆಟ್ಟಿಗೆಯೊಳಗೆ ಯಾರು ನೋಡ್ತಾರೆ ಅಂದ್ಕೊಂಡ್ರಿ."

ಅಕ್ಕ ಹಳೇ ಸೀಸೆಯನ್ನು ಕೈಗೆತ್ತಿಕೊಂಡಳು.

"ಸೂಟ್‌ಕೇಸ್ ಎತ್ತಿದ್ರೆ ನೋವು ಬಂದೇ ಬರುತ್ತೆ. ಮಾತ್ರೆಗೆ ಇಳೀದಿದ್ರೆ ಮಲಗ್ತಾನೆ, ರೈಲು ತಪ್ಪುತ್ತೆ ಅಂದ್ಕೊಂಡೆ. ಸಾಯ್ಲಿ ಅಂತಲ್ಲ. ಅವನು ಹೋದ್ಮೇಲೆ ಈ ಮನೇಲಿ ನಾನು ಯಾರಿಗೆ ಬಾಗಿಲು ತೆಗೀಲಿ?"

"ಪಕ್ಕದಲ್ಲೇ ಇದ್ರಲ್ಲ. ಅವರು ಕೂಗಲಿಲ್ವಾ?"

"ಕೂಗಿದ." ಅಕ್ಕ ಸೆರಗು ಹಿಂಡಿದಳು. "ಅವಳ ಹೆಸರು ಕೂಗಿದ. ನನ್ನನ್ನಲ್ಲ. ನಾನು ಏಳಲಿಲ್ಲ."

*

ಸಂಜೆ ಇನ್‌ಸ್ಪೆಕ್ಟರ್ ತಾನೇ ಬೈಂಡರನ ಮೊಬೈಲಿನಿಂದ ಅವನ ಹೆಂಡತಿಗೆ ಫೋನ್ ಮಾಡಿದಳು. ಮೊದಲ ರಿಂಗಿಗೇ ಎತ್ತಿದಳು.

"ಎಲ್ಲಿವರೆಗೆ ಬಂದ್ರಿ? ನಾನಾಗ್ಲೇ ಸ್ಟೇಷನ್ನಲ್ಲಿದ್ದೀನಿ."

ಇನ್‌ಸ್ಪೆಕ್ಟರ್ ತಾನ್ಯಾರೆಂದು ಹೇಳಿದಳು. ನಡೆದದ್ದನ್ನು ಹೇಳಿದಳು. ಆ ಕಡೆಯಿಂದ ಒಂದೇ ಪ್ರಶ್ನೆ ಬಂತು.

"ಹೊರಟಿದ್ರಾ?"

"ಹೊರಟಿದ್ರು, ಅಮ್ಮಾ."

ಫೋನಿನ ಆ ಕಡೆ ರೈಲು ಬಂದು ನಿಂತ ಸದ್ದು. ಜನ ಇಳಿಯುವ ಗಲಾಟೆ. ಅದೆಲ್ಲ ಕರಗುವವರೆಗೂ ಇನ್‌ಸ್ಪೆಕ್ಟರ್ ಫೋನ್ ಇಡಲಿಲ್ಲ.