ಗಾಣಕ್ಕೆ ಹೊರಟ ಹಿಂಡಿ

“ಏನ್ರಿ, ಕಣ್ಣು ಮನ್ಯಾಗ ಇಟ್ಟು ಬಂದೀರೇನು? ಬರಿಗೈಯವರು ಅಂಚಿನ ಕಡಿ ನಡೀಬೇಕು!”

ಲಲಿತಾ ಅವನಿಗೆ ಆಡಿದ ಮೊದಲ ಮಾತು ಇದು. ಅವಳ ತಲೆಯ ಮೇಲೆ ಕುಸುಬೆ ತುಂಬಿದ ಬುಟ್ಟಿ. ಒಂದು ಕಡೆ ಗೋಡೆಯಂತೆ ನಿಂತ ಕೆಂಪು ಬಂಡೆ, ಇನ್ನೊಂದು ಕಡೆ ಆಳದಲ್ಲಿ ಕೆರೆಯ ನೀರು. ನಡುವಿನ ದಾರಿಯಲ್ಲಿ ಒಬ್ಬರು ಆರಾಮಾಗಿ ನಡೆಯಬಹುದು, ಇಬ್ಬರು ದಾಟಬೇಕೆಂದರೆ ಉಸಿರು ಬಿಗಿಹಿಡಿಯಬೇಕು. ಎದುರಿಗೆ ಬಂದ ಈ ಪುಣ್ಯಾತ್ಮ ಬಂಡೆಗೆ ಬೆನ್ನು ಹಚ್ಚಿ, ಅವಳನ್ನೇ ನೋಡುತ್ತ ನಿಂತುಬಿಟ್ಟಿದ್ದ.

ಬೈಸಿಕೊಂಡ ಮೇಲೆ ಅವನಿಗೆ ಎಚ್ಚರವಾಯಿತು. ಕಿವಿಯವರೆಗೆ ಕೆಂಪಾಗಿ ಅಂಚಿನ ಕಡೆ ಸರಿದು, ತಲೆ ತಗ್ಗಿಸಿ ದಾಟಿ ಹೋದ. ತಿರುಗಿ ನೋಡಬಾರದು ಎಂದುಕೊಂಡೇ ಲಲಿತಾ ತಿರುಗಿ ನೋಡಿದಳು. ಅವನೂ ತಿರುಗಿ ನೋಡುತ್ತಿದ್ದ.

ಹುಮನಾಬಾದಿನಿಂದ ಕಲ್ಯಾಣಕ್ಕೆ ಹೋಗುವ ರಸ್ತೆಯಿಂದ ಒಳಗೆ, ಆ ಕೆರೆಯ ಮೇಲೆ ಎರಡು ಊರು: ಕಟ್ಟೇವಾಡಿ ಮತ್ತು ಹಿರೇವಾಡಿ. ಕೆರೆಯನ್ನು ಎಲ್ಲರೂ ದರ್ಯಾ ಅಂತಲೇ ಕರೆಯುತ್ತಿದ್ದರು. ಸಮುದ್ರ ಕಾಣದ ಮಂದಿಗೆ ಅದೇ ಸಮುದ್ರ. ಎರಡೂ ಊರಿನ ನಡುವಿನ ಈ ಬಂಡೆಯಂಚಿನ ದಾರಿಗೆ ಒಂದು ಹಳೆಯ ಕಟ್ಟಳೆ ಇತ್ತು. ಹೊರೆ ಹೊತ್ತವರಿಗೆ ಬಂಡೆಯ ಕಡೆ, ಬರಿಗೈಯವರಿಗೆ ಅಂಚಿನ ಕಡೆ. ಬರಿಗೈಯವರು ಮಾತಾಡದೆ ದಾಟಬೇಕು, ಹೊತ್ತವರ ಕಾಲು ತಪ್ಪಬಾರದಲ್ಲ. ಇಬ್ಬರ ತಲೆಯ ಮೇಲೂ ಹೊರೆ ಇದ್ದರೆ ಮಾತ್ರ ಬೇರೆ ಲೆಕ್ಕ. ತಿರುವಿನ ಕಲ್ಲುಕಟ್ಟೆಯ ಮೇಲೆ ಹೊರೆ ಇಳಿಸಿ, ಎರಡು ಮಾತಾಡಿ ದಣಿವಾರಿಸಿಕೊಂಡು, ಒಬ್ಬರಿಗೊಬ್ಬರು ಎತ್ತಿಕೊಟ್ಟೇ ಮುಂದೆ ಹೋಗಬೇಕು.

ಮರುದಿನ ಬೆಳಿಗ್ಗೆ ಅವನು ಮತ್ತೆ ಎದುರಾದ. ಈ ಸಲ ತಲೆಯ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ಗೋಣಿತಟ್ಟು.

“ಇವತ್ತ ನನ್ನ ತಲಿ ಮ್ಯಾಲೂ ಹೊರೆ ಅದ್ರಿ,” ಎಂದ, ಬಹುಮಾನ ಗೆದ್ದವನ ಹಾಗೆ.

ಲಲಿತಾ ತುಟಿ ಕಚ್ಚಿ ನಗೆ ತಡೆದಳು. ಇಬ್ಬರೂ ಹೊರೆ ಇಳಿಸಿದರು. ಅವನ ಹೆಸರು ಮಹಾರುದ್ರಪ್ಪ, ಹಿರೇವಾಡಿಯವನು. ನಿಜಾಮನ ಕೊನೆಗಾಲದ ಗದ್ದಲದಲ್ಲಿ ಮನೆ ಸುಟ್ಟುಹೋದಾಗ ಬಂಬಯಿಗೆ ಹೋಗಿ ಬಂದರಿನಲ್ಲಿ ಮೂಟೆ ಹೊತ್ತಿದ್ದ. ಆ ಆಳಿಕೆ ಮುಗಿದ ಮೇಲೆ ಮರಳಿ ಬಂದು, ಅದೇ ಜಾಗದಲ್ಲಿ ಮನೆ ಕಟ್ಟುತ್ತಿದ್ದ. ಕಲ್ಲು ಸಿಗುವುದು ಕಟ್ಟೇವಾಡಿಯ ಖಣಿಯಲ್ಲಿ, ಅದಕ್ಕೇ ಈ ದಾರಿಯ ಓಡಾಟ.

“ಹಂಗಾರ ಖರೇ ಸಮುದ್ರ ನೋಡೀರಿ?”

“ನೋಡೀನ್ರಿ.”

“ನಮ್ಮ ದರ್ಯಾಕ್ಕಿಂತ ದೊಡ್ಡದೇನು?”

“ದೊಡ್ಡದ ಅದ್ರಿ. ಆದ್ರ ಅಲ್ಲೆ ಯಾರೂ ನನಗ ಬೈಲಿಲ್ಲ. ಅದಕ್ಕ ಇದೇ ಛಲೋ ಅನಸ್ತದ.”

ಇಂಥ ಮಾತು ಬಂಬಯಿಯಲ್ಲಿ ಕಲಿತನೋ, ಹುಟ್ಟುವಾಗಲೇ ತಂದನೋ! ಅವನು ಬುಟ್ಟಿ ಎತ್ತಿಕೊಡುವಾಗ ಬೆರಳು ಬೆರಳಿಗೆ ತಾಗಿತು. ಹಿರೇವಾಡಿಯ ಗಾಣ ಮುಟ್ಟುವವರೆಗೂ ಲಲಿತಾಳಿಗೆ ತಲೆಯ ಮೇಲೆ ಬುಟ್ಟಿ ಇದ್ದದ್ದೇ ಗೊತ್ತಾಗಲಿಲ್ಲ.

ಹೀಗೆ ಶುರುವಾಯಿತು. ಅವನು ಒಮ್ಮೆ ಹಡಗಿನ ಸುದ್ದಿ ಹೇಳಿದರೆ, ಇವಳು ಇನ್ನೊಮ್ಮೆ ತಮ್ಮ ಎಮ್ಮೆಯ ಹಟ ಹೇಳಿದಳು. “ನಿಮ್ಮ ಗೋಣಿತಟ್ಟಿನ ಕೆಳಗ ಏನದ?” ಎಂದು ಕೇಳಿದರೆ, “ಸಾಮಾನ್ರಿ,” ಎನ್ನುತ್ತಿದ್ದ, ಅಷ್ಟೇ. ಭಾರವಂತೂ ಇತ್ತು, ಅವನಿಗೆ ಎತ್ತಿಕೊಡುವಾಗ ಅವಳ ತೋಳು ನಡುಗುತ್ತಿತ್ತು.

ದಸರಾ ಕಳೆದ ಮೇಲೆ ಒಂದು ತೊಂದರೆ ಆಯಿತು. ಮನೆಯ ಕುಸುಬೆ ತೀರಿತು. ಗಾಣಕ್ಕೆ ಹೋಗುವ ಕೆಲಸವೂ ತೀರಿತು. ಬರಿಗೈಯಲ್ಲಿ ಹೋದರೆ ಅಂಚಿನ ಕಡೆ, ತಲೆ ತಗ್ಗಿಸಿ, ಮಾತಿಲ್ಲದೆ ದಾಟಬೇಕು. ಒಂದು ರಾತ್ರಿ ಲಲಿತಾಳಿಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದವಳೇ, ಎಣ್ಣೆ ತೆಗೆದ ಮೇಲೆ ಎಮ್ಮೆಗೆಂದು ಗಾಣದಿಂದ ತಂದಿಟ್ಟಿದ್ದ ಹಿಂಡಿಯನ್ನು ಬುಟ್ಟಿಗೆ ತುಂಬಿ, ಮೇಲೆ ಹಳೆಯ ಸೀರೆ ಮುಚ್ಚಿ ಹೊರಟಳು. ಹಿರೇವಾಡಿಯ ಬಾವಿಯವರೆಗೆ ಹೋಗುವುದು, ಅದೇ ಹಿಂಡಿ ಹೊತ್ತು ಮನೆಗೆ ಬರುವುದು. ಎಮ್ಮೆ ಮಾತ್ರ ಅವಳನ್ನು ಅನುಮಾನದಿಂದ ನೋಡತೊಡಗಿತು.

ಬಳೆ ಮಾರುವ ಹಜಿರಾ ಬೀ ಒಂದು ದಿನ ಬಾವಿಯ ಹತ್ತಿರ ಸೀರೆಯ ಅಂಚು ಎತ್ತಿ ಇಣುಕಿಯೇಬಿಟ್ಟಳು. “ಬೇಟಿ, ಗಾಣದಿಂದ ಹಿಂಡಿ ಬರೂದು ಜಿಂದಗೀ ಪೂರಾ ನೋಡೀನಿ. ಗಾಣಕ್ಕ ಹಿಂಡಿ ಹೋಗೂದು ಈಗ ನೋಡಾಕತ್ತೀನಿ!”

“ಚಾಚಿ, ನಿಮ್ಮ ಕಾಲಿಗೆ ಬೀಳ್ತೀನಿ, ಯಾರಿಗೂ ಹೇಳಬ್ಯಾಡ್ರಿ.”

“ನಾ ಯಾಕ ಹೇಳ್ಲಿ? ಹೇಳಬೇಕಾದಾಂವ ಹೇಳಿದನೇನು?”

ಅದೇ ಅಲ್ಲವೇ ಸಂಕಟ! ಅವನು ಎಲ್ಲ ಹೇಳುತ್ತಿದ್ದ, ಅದೊಂದನ್ನು ಬಿಟ್ಟು. ಅಷ್ಟರಲ್ಲಿ ಮನ್ನಾಏಖೇಳ್ಳಿಯಿಂದ ಹೆಣ್ಣು ನೋಡಲು ಬರುತ್ತೇವೆ ಎಂದು ಹೇಳಿಕಳಿಸಿದರು. ರಸ್ತೆಯ ಮೇಲೆ ಅಂಗಡಿ ಇದ್ದವರು. ಅಪ್ಪ ಬಸವಣಪ್ಪ ಬೇಡ ಅನ್ನಲು ಕಾರಣವೇ ಇರಲಿಲ್ಲ.

ಕಲ್ಲುಕಟ್ಟೆಯ ಮೇಲೆ ಕೂತು ಲಲಿತಾ ಹೇಳಿದಳು. “ನಾಳೆ ನನ್ನ ನೋಡಾಕ ಮನ್ನಾಏಖೇಳ್ಳಿ ಮಂದಿ ಬರ್ತಾರ.”

ಮಹಾರುದ್ರಪ್ಪ ಎದ್ದು ತನ್ನ ಬುಟ್ಟಿಯ ಗೋಣಿತಟ್ಟು ಸರಿಪಡಿಸಿದ. ಆಮೇಲೆ, “ಛಲೋ ಆತ್ರಿ,” ಎಂದ.

ಛಲೋ ಆಯಿತಂತೆ! ಲಲಿತಾ ದಡಕ್ಕನೆ ಎದ್ದಳು. ಅವನು ಬುಟ್ಟಿ ಎತ್ತಿಕೊಡುವಾಗ ಈ ಸಲ ಬೆರಳು ತಾಗದ ಹಾಗೆ ಕೈ ಹಿಂದೆ ಎಳೆದುಕೊಂಡಳು. ಮನೆಗೆ ಬಂದು ಹಿಂಡಿಯನ್ನೆಲ್ಲ ಎಮ್ಮೆಯ ಮುಂದೆ ಸುರಿದು, ಅದರ ಕೊರಳು ತಬ್ಬಿ ಅತ್ತಳು.

ಮರುದಿನ ಬೆಳಿಗ್ಗೆ ಅವಳು ಬರಿಗೈಯಲ್ಲಿ ಹೋದಳು. ಕೊನೆಯ ಸಲ ಒಮ್ಮೆ ಅವನ ಮುಖ ನೋಡಬೇಕು, ಮಾತಾಡಬಾರದು, ಇಷ್ಟೇ ಮನಸ್ಸಿನಲ್ಲಿ ಇದ್ದದ್ದು. ತಿರುವಿನಲ್ಲಿ ಅವನು ಬುಟ್ಟಿ ಹೊತ್ತು ಬಂದ. ಲಲಿತಾ ತಲೆ ತಗ್ಗಿಸಿ ಅಂಚಿನ ಕಡೆ ಸರಿದಳು. ಕೆರೆಯ ಗಾಳಿಗೆ ಸೆರಗು ಪಟಪಟ ಹಾರಿತು.

“ಲಲಿತಾ!”

ಬರೀ ಹೆಸರು, ರೀ ಇಲ್ಲ, ಏನಿಲ್ಲ. ಅವನು ಬುಟ್ಟಿಯನ್ನು ಕಟ್ಟೆಯ ಮೇಲೆ ಒಗೆದು ಅವಳ ಕೈ ಹಿಡಿದು ಬಂಡೆಯ ಕಡೆ ಎಳೆದ. ಒಗೆದ ರಭಸಕ್ಕೆ ಬುಟ್ಟಿ ಮಗುಚಿತು. ಗೋಣಿತಟ್ಟು ಒಂದು ಕಡೆ, ಒಳಗಿದ್ದದ್ದು ಇನ್ನೊಂದು ಕಡೆ. ಒಂದೆರಡು ಉರುಳಿ ನೀರಿಗೆ ಬಿದ್ದ ಸಪ್ಪಳವೂ ಕೇಳಿಸಿತು.

ಕಲ್ಲುಗಳು. ಮನೆ ಕಟ್ಟುವ ಕೆಂಪು ಕಲ್ಲುಗಳು.

ಲಲಿತಾ ಕಲ್ಲು ನೋಡಿದಳು, ಅವನು ಬಂದ ದಾರಿ ನೋಡಿದಳು, ಹೋಗಬೇಕಾದ ದಾರಿ ನೋಡಿದಳು. “ನಿಮ್ಮ ಮನಿ ಹಿರೇವಾಡಿನಾಗ ಅದ. ಖಣಿ ನಮ್ಮ ಕಡಿ ಅದ. ಮತ್ತ ನೀವು ಮನಿಯಿಂದ ಖಣಿಗೆ ಕಲ್ಲು ಹೊರಾಕತ್ತೀರೇನು?”

ಅವನು ತಪ್ಪು ಸಿಕ್ಕಿದವನಂತೆ ನಿಂತ. “ದಿನಾ ಹೊತ್ತೀನಿ. ಹೊತ್ಕೊಂಡು ಹೋಗೂದು, ಅದೇ ಕಲ್ಲು ತಿರುಗಿ ತರೂದು. ಬರಿಗೈಲೆ ಬಂದ್ರ ನಿನ್ನ ಕೂಡ ಮಾತಾಡಾಕ ಬರಂಗಿಲ್ಲಲ್ಲ.”

“ಮತ್ತ ನಿನ್ನೆ ಛಲೋ ಆತು ಅಂದಿದ್ದು?”

“ಏನು ಹೇಳ್ಲಿ? ನನ್ನ ಮನಿಗೆ ಇನ್ನೂ ಮಾಳಿಗಿ ಇಲ್ಲ, ಮ್ಯಾಲ ನೋಡಿದ್ರ ಬರೀ ಆಕಾಶ. ಮಾಳಿಗಿ ಹಾಕಿದ ಮ್ಯಾಲ ನಿಮ್ಮ ಅಪ್ಪನ ಕೇಳೂಣು ಅಂತ ತಡದೆ. ರಾತ್ರಿ ಪೂರಾ ಕಣ್ಣ ಹತ್ತಲಿಲ್ಲ. ನೀ ಬೇರೆ ಮನಿಗೆ ಹೋದ್ರ ನಾ ಯಾರಿಗೆ ಮನಿ ಕಟ್ಟಲಿ?”

ಲಲಿತಾಳಿಗೆ ಅಳು, ನಗು ಒಟ್ಟಿಗೇ ಬಂದವು. “ಹುಚ್ಚ! ದಿನಾ ಹೊತ್ತ ಕಲ್ಲು ಗ್ವಾಡಿಗಿ ಇಟ್ಟಿದ್ರ ಇಷ್ಟೊತ್ತಿಗೆ ಮಾಳಿಗಿ ಏಳ್ತಿತ್ತು!” ಎಂದು ಅವನ ತೋಳಿಗೆ ಗುದ್ದಿದಳು. ಆಮೇಲೆ ದನಿ ತಗ್ಗಿಸಿ, “ನಮ್ಮ ಕುಸಬಿ ತೀರಿದ್ದು ದಸರಾಕ್ಕ,” ಎಂದಳು.

“ಮತ್ತ ಬುಟ್ಯಾಗ?”

“ಹಿಂಡಿ.”

“ಹಿಂಡಿ? ಗಾಣಕ್ಕ?”

“ಹೂಂ.”

ಮಹಾರುದ್ರಪ್ಪ ಕಟ್ಟೆಯ ಮೇಲೆ ಕುಸಿದು ಕೂತು ನಕ್ಕ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ನಗುತ್ತಲೇ ಅವಳ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡ. ಲಲಿತಾ ಈ ಸಲ ಕೈ ಎಳೆದುಕೊಳ್ಳಲಿಲ್ಲ.

“ನಡೀ,” ಎಂದಳು ಕೊನೆಗೆ. “ಅವರು ಬರೂಕಿಂತ ಮೊದಲ ಅಪ್ಪನ ಮುಂದ ಹೇಳು.”

ಇಬ್ಬರೂ ಕಟ್ಟೇವಾಡಿಯ ಕಡೆ ನಡೆದರು. ಅವಳನ್ನು ಬಂಡೆಯ ಕಡೆ ಬಿಟ್ಟು ಅವನು ಅಂಚಿನ ಕಡೆ ನಡೆದ. ಇಬ್ಬರದೂ ಬರಿಗೈ. ದಾರಿಯುದ್ದಕ್ಕೂ ಮಾತೇ ಮಾತು, ಕಟ್ಟಳೆ ಆ ದಿನ ಯಾರಿಗೂ ನೆನಪಾಗಲಿಲ್ಲ.

ಬಸವಣಪ್ಪ ಅಂಗಳದಲ್ಲಿ ಎಮ್ಮೆ ಕಟ್ಟುತ್ತಿದ್ದ. ಮಹಾರುದ್ರಪ್ಪ ಕೈಮುಗಿದು ಒಂದೇ ಉಸಿರಿಗೆ ಎಲ್ಲ ಹೇಳಿದ, ಮಾಳಿಗೆ ಇಲ್ಲದ್ದನ್ನೂ ಮುಚ್ಚಿಡಲಿಲ್ಲ. ಲಲಿತಾ ಬಾಗಿಲ ಹಿಂದೆ ನಿಂತು ಕದದ ಚಿಲಕ ಗಟ್ಟಿಯಾಗಿ ಹಿಡಿದಿದ್ದಳು.

ಮುದುಕ ಹಗ್ಗದ ಗಂಟು ಬಿಗಿದ. ಎಮ್ಮೆಯ ಬೆನ್ನು ಸವರಿದ. “ನನ್ನ ಹಿಂಡಿ ದಿನಾ ಯಾಕ ಊರು ಸುತ್ತಿ ಬರತದ ಅಂತ ನಾನೂ ವಿಚಾರ ಮಾಡಾಕತ್ತಿದ್ದೆ,” ಎಂದ. “ಆತು. ಮನ್ನಾಏಖೇಳ್ಳಿಯವರಿಗೆ ಬರಬ್ಯಾಡ್ರಿ ಅಂತ ಈಗ ಹೇಳಿ ಕಳಸ್ತೀನಿ. ಆದ್ರ ಮಾಳಿಗಿ ಇಲ್ಲದ ಮನಿಗೆ ಮಗಳನ್ನ ಕಳಸಂಗಿಲ್ಲಪಾ. ನಿನ್ನ ಮನಿ ಯಾವಾಗ ಮುಗೀತದ?”

ಮಹಾರುದ್ರಪ್ಪ ಬಾಯಿ ತೆರೆಯುವ ಮೊದಲೇ ಬಾಗಿಲ ಹಿಂದಿನಿಂದ ಉತ್ತರ ಬಂತು.

“ಲಗೂನ ಮುಗೀತದ ಅಪ್ಪಾ. ಇನ್ನ ಮ್ಯಾಲ ಕಲ್ಲು ಒಂದೇ ಕಡಿಗೆ ಹೋಗ್ತಾವ.”