ಪರದೆಗೆ ಬಾರದ ನೋಟಿಸು

ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಹೊಲಿಗೆ ಕೆಲಸದ ಹೆಂಗಸೊಬ್ಬಳು ಠಾಣೆಗೆ ದೂರು ತಂದಳು. ಆಪರೇಷನ್ ಟೇಬಲ್ಲಿನ ಮೇಲೆಯೇ ಗಂಡನನ್ನು ಕಳೆದುಕೊಂಡಿದ್ದಳು.

"ಆ ಡಾಕ್ಟರಿಗೆ ಆಪರೇಷನ್ ಮಾಡೋ ಹಕ್ಕೇ ಇರ್ಲಿಲ್ವಂತೆ ಸರ್. ನಾನು ವೈದ್ಯ ಮಂಡಳಿ ವೆಬ್‌ಸೈಟ್ ನೋಡ್ಕೊಂಡೇ ಹೋಗಿದ್ದು. ಅದರಲ್ಲಿ ಏನೂ ಇರ್ಲಿಲ್ಲ."

ಇನ್ಸ್‌ಪೆಕ್ಟರ್ ಎಫ್‌ಐಆರ್ ಬರೆಸಿದರು. ರಜೆ ಕಂಡು ತಿಂಗಳಾಗಿತ್ತು, ಕಣ್ಣು ಉರಿಯುತ್ತಿತ್ತು. ಡಾಕ್ಟರನ್ನು ಸಂಜೆಯೊಳಗೆ ಹಿಡಿದು ತಂದರು. ವೆಬ್‌ಸೈಟಿನ ಗಂಟು ಮಾತ್ರ ಬಿಚ್ಚಲಿಲ್ಲ.

ಮರುದಿನ ಮಂಡಳಿಯ ಮ್ಯಾನೇಜರು ಡಾಕ್ಟರ ಪುಟವನ್ನು ಪ್ರಿಂಟ್ ತೆಗೆದು ಮುಂದಿಟ್ಟರು. "ಪರವಾನಗಿ ಅಮಾನತು ಅಂತ ಇದೆಯಲ್ಲ. ಆಯಮ್ಮ ಸರಿಯಾಗಿ ನೋಡಿಲ್ಲ, ಅಷ್ಟೆ."

ಇನ್ಸ್‌ಪೆಕ್ಟರ್ ತಮ್ಮ ಮೊಬೈಲಿನಲ್ಲಿ ಅದೇ ಪುಟ ತೆರೆದರು. ಅಲ್ಲಿ ಆ ಸಾಲೇ ಇರಲಿಲ್ಲ. ಮ್ಯಾನೇಜರು ಬೆವರೊರೆಸಿಕೊಂಡರು.

ಸೈಬರ್ ವಿಭಾಗದ ಎಸ್‌ಐ ಬಂದು ನೋಡಿದಳು.

"ಪುಟದ ಬರಹ ಒಂದು ಕಡೆ ಇರುತ್ತೆ ಸರ್, ಅದು ಹೇಗೆ ಕಾಣ್ಬೇಕು ಅನ್ನೋ ಸ್ಟೈಲ್‌ಶೀಟ್ ಇನ್ನೊಂದು ಕಡೆ. ಎಲ್ಲ ಡಾಕ್ಟರ ಪುಟಕ್ಕೂ ಒಂದೇ ಸ್ಟೈಲ್‌ಶೀಟ್. ಈ ಪುಟ ತೆರೆದಾಗ ಮಾತ್ರ ಎರಡನೇದೊಂದು ಲೋಡ್ ಆಗುತ್ತೆ. ಅದು ಅಮಾನತಿನ ನೋಟಿಸನ್ನ ಸ್ಕ್ರೀನಿಂದ ಮರೆ ಮಾಡುತ್ತೆ. ಪ್ರಿಂಟಿಗೆ ಅದು ಅನ್ವಯಿಸಲ್ಲ."

"ಬಾಗಿಲು ಹಾಕಿಲ್ಲ, ಪರದೆ ಎಳೆದಿದ್ದಾರೆ ಅನ್ನಿ," ಎಂದ ಹೆಡ್ ಕಾನ್ಸ್‌ಟೇಬಲ್.

ಆ ಎರಡನೇ ಸ್ಟೈಲ್‌ಶೀಟ್ ಸೇರಿದ್ದು ವೆಬ್‌ಸೈಟ್ ನೋಡಿಕೊಳ್ಳುವವನ ಲಾಗಿನ್ನಿನಿಂದ, ಅವನ ಮನೆಯ ಇಂಟರ್‌ನೆಟ್ಟಿನಿಂದ. ಪಂಚರ ಎದುರು ಪಂಚನಾಮೆ ನಡೆಸಿ ಕಂಪ್ಯೂಟರ್ ವಶಪಡಿಸಿಕೊಂಡರು. ನಲವತ್ತು ದಾಟಿದ, ಮೆದು ಮಾತಿನ ಮನುಷ್ಯ. ಕೊಸರಾಡಲಿಲ್ಲ.

"ಇದು ನಿನ್ನ ಕೆಲಸಾನಾ?"

"ಹೌದು ಸರ್."

"ಡಾಕ್ಟರ್ ಹೇಳಿದ್ರಾ?"

"ಅವರಿಗೆ ಗೊತ್ತೇ ಇಲ್ಲ. ನನ್ನ ತಂಗಿ ಹೆರಿಗೇಲಿ ಹೋಗ್ಬಿಡೋಳು. ಎಲ್ಲರೂ ಕೈಚೆಲ್ಲಿದ್ರು, ಅವರೊಬ್ಬರೇ ಬಿಡಲಿಲ್ಲ. ಈಗ ಕೈ ನಡುಗುತ್ತೆ ಅಂತ ಅಮಾನತು ಮಾಡಿದ್ರು. ನಾಲ್ಕು ಜನ ಅವರನ್ನ ಆಡ್ಕೊಳ್ಳೋದು ಬೇಡ ಅನ್ನಿಸ್ತು. ಮತ್ತೆ ಕತ್ತರಿ ಹಿಡೀತಾರೆ ಅಂದ್ಕೊಂಡಿರ್ಲಿಲ್ಲ."

"ಅಳಿಸೇಬಿಡಬಹುದಿತ್ತಲ್ಲ?"

"ಅಳಿಸೋಕೆ ಮನಸ್ಸು ಬರ್ಲಿಲ್ಲ ಸರ್. ಅದು ನಿಜ ತಾನೆ."

ನಾಲ್ಕು ಗಂಟೆಗೆ ಬಂಧನ ದಾಖಲಾಯಿತು. ಸುದ್ದಿ ತಿಳಿಸಲು ಇನ್ಸ್‌ಪೆಕ್ಟರ್ ತಾವೇ ಹೊಲಿಗೆಯವಳ ಮನೆಗೆ ಹೋದರು. ಅವಳು ಮೆಷಿನ್ ನಿಲ್ಲಿಸಿ ಕೇಳಿಸಿಕೊಂಡಳು.

"ನಮ್ಮ ಮೇಲೆ ಅವನಿಗೇನು ಸಿಟ್ಟಿತ್ತು ಸರ್?"

"ಸಿಟ್ಟಲ್ಲಮ್ಮ. ಡಾಕ್ಟರ ಋಣ ಇತ್ತಂತೆ."

"ಅವನ ಋಣ ತೀರ್ಸೋಕೆ ನಮ್ಮನೆಯೋರೇ ಬೇಕಿತ್ತಾ?"

ಇನ್ಸ್‌ಪೆಕ್ಟರ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.