ಕತ್ತರಿ ಉಳಿಸಿಕೊಂಡ ಬ್ರಾಂಚ್

ಆ ಗುಂಪಿನಲ್ಲಿ ಅವಳಿಗಿದ್ದ ಹೆಸರು ಕತ್ತರಿ. ಎದುರಿಗೆ ಹಾಗನ್ನುವ ಧೈರ್ಯ ಯಾರಿಗೂ ಇರಲಿಲ್ಲ ಅನ್ನಿ. ಕಣ್ಣು ಕಾಣದವರಿಗೆ ಪುಸ್ತಕ ಓದಿ ಹೇಳುವ ಒಂದು ಸಾಫ್ಟ್‌ವೇರನ್ನು ಎಲ್ಲೆಲ್ಲಿಯದೋ ಜನ ಸೇರಿ, ಸಂಬಳವಿಲ್ಲದೆ, ಬಿಡುವಿನ ಹೊತ್ತಲ್ಲಿ ಕಟ್ಟುತ್ತಿದ್ದರು. ಸಂಬಳವಿಲ್ಲದ ಕೆಲಸ ಅಂದಮೇಲೆ ಕೇಳಬೇಕೆ? ಶುರು ಮಾಡುವವರಿಗೆ ಬರವಿರಲಿಲ್ಲ. ಮುಗಿಸುವವರನ್ನು ದೀಪ ಹಿಡಿದು ಹುಡುಕಬೇಕಿತ್ತು.

ಬಂದವರೆಲ್ಲ ಮೂಲ ಕೋಡಿನಿಂದ ತಮ್ಮದೊಂದು ಬ್ರಾಂಚ್, ಅಂದರೆ ಬೇರೆ ಕವಲು, ಮಾಡಿಕೊಂಡು, ಹೆಸರಿನ ಮುಂದೆ 'ವಿಪ್' ಅಂತ ಹಚ್ಚುತ್ತಿದ್ದರು. ಕೆಲಸ ಇನ್ನೂ ನಡೀತಿದೆ, ಯಾರೂ ಮುಟ್ಟಬೇಡಿ ಅಂತ ಅದರ ಅರ್ಥ. ಹಚ್ಚಿದ ಮಹಾಶಯರು ನಾಲ್ಕು ದಿನ ಹಾರಾಡಿ ಮಾಯವಾಗುತ್ತಿದ್ದರು, ಬ್ರಾಂಚ್ ಅಲ್ಲೇ ಕೊಳೆಯುತ್ತಿತ್ತು. ಅದನ್ನೆಲ್ಲ ಗುಡಿಸಿ ಎಸೆಯುವುದು ಕತ್ತರಿಯ ಪಾಲಿನ ಕೆಲಸ. ನಿಯಮ ಬರೆದವಳೂ ಅವಳೇ. ಆರು ತಿಂಗಳು ಅಲುಗಾಡದ ವಿಪ್ ಬ್ರಾಂಚಿಗೆ ಉಳಿಗಾಲವಿಲ್ಲ. ಇನ್ನೊಬ್ಬರದನ್ನು ಕೇಳದೆ ಮುಟ್ಟಿದವರು ಯಾರೇ ಆಗಲಿ, ಸೇರಿಸುವ ಅಳಿಸುವ ಅಧಿಕಾರವನ್ನು ಬಿಟ್ಟುಕೊಡಬೇಕು.

ಇವರಲ್ಲೆಲ್ಲ ಅವಳಿಗೆ ಕಂಡರಾಗದವನು ಹಲ್ಲಿನ ಡಾಕ್ಟರು. ಒಬ್ಬ ರೋಗಿ ಎದ್ದು ಇನ್ನೊಬ್ಬ ಕೂರುವುದರೊಳಗೆ ಕೋಡ್ ಬರೆಯುವ ಪುಣ್ಯಾತ್ಮ. ಸಾಲು ಅರ್ಧಕ್ಕೆ ಬಂದಿರುತ್ತಿತ್ತು, ಅಷ್ಟರಲ್ಲಿ ಯಾರದೋ ದವಡೆ ಊದಿರುತ್ತಿತ್ತು, ಇವನು ಎದ್ದು ಹೋಗುತ್ತಿದ್ದ. ಓದುವ ದನಿ ಎಲ್ಲೆಲ್ಲಿ ನಿಂತು ಉಸಿರು ತೆಗೆದುಕೊಳ್ಳಬೇಕು ಅಂತ ಮಷೀನಿಗೆ ಕಲಿಸುವುದು ಅವನ ಬ್ರಾಂಚಿನ ಕೆಲಸ. ಒಂದೊಂದು ಬದಲಾವಣೆಗೂ 'ಸದ್ಯಕ್ಕೆ ಇಷ್ಟು' ಅಂತ ಒಂದು ಟಿಪ್ಪಣಿ. ಅದನ್ನು ಓದಿದಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು.

"ಹಲ್ಲನ್ನೂ ಹೀಗೇ ಅರ್ಧ ಕಿತ್ತು ಕಳಿಸ್ತೀರಾ?" ಅಂತ ಅವಳು ಒಮ್ಮೆ ಬರೆದಳು.

"ಹಲ್ಲು ಕೀಳುವಾಗ ನನ್ನನ್ನ ಯಾರೂ ಇಷ್ಟು ಬೈಯಲ್ಲ ಮೇಡಂ. ಅವರ ಬಾಯಿ ನನ್ನ ಕೈಲಿರುತ್ತೆ," ಅಂತ ಉತ್ತರ ಬಂತು.

ಅವಳು ಕಿಸಕ್ಕನೆ ನಕ್ಕಳು. ಆಫೀಸಿನಲ್ಲಿ ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದ್ದೇ ಮುಖ ಗಂಟು ಹಾಕಿಕೊಂಡು, ಅವನ ಕೋಡಿನಲ್ಲಿದ್ದ ತಪ್ಪುಗಳನ್ನೆಲ್ಲ ಪಟ್ಟಾಗಿ ಕೂತು ಬರೆದು ಕಳಿಸಿದಳು. ಅವನು ಪ್ರತಿಯೊಂದಕ್ಕೂ ವಂದನೆ ಹೇಳಿದ. ಇಂಥವರನ್ನು ಬೈಯುವುದರಲ್ಲಿ ಸುಖವೇ ಇಲ್ಲ ಅನ್ನಿಸಿತು. ಆದರೂ ಬೈಯುವುದನ್ನು ಅವಳು ಬಿಡಲಿಲ್ಲ, ಬೆಳಿಗ್ಗೆ ಎದ್ದ ಕೂಡಲೇ ನೋಡುತ್ತಿದ್ದುದೂ ಅವನ ಉತ್ತರವನ್ನೇ.

ಮನೆಯಲ್ಲಿ ಅವಳ ಜೊತೆ ಇದ್ದವರು ಚಿಕ್ಕಮ್ಮ, ಅವಳನ್ನು ಸಾಕಿದವರು. ಅವರಿಗೆ ಈಚೆಗೆ ಕಣ್ಣು ಪೂರಾ ಹೋಗಿತ್ತು. ಒಂದು ಭಾನುವಾರ, ತಪ್ಪು ಹುಡುಕುವುದಕ್ಕೆಂದೇ ಅವಳು ಡಾಕ್ಟರ ಬ್ರಾಂಚನ್ನು ಚಿಕ್ಕಮ್ಮನ ಕಂಪ್ಯೂಟರಿಗೆ ಹಾಕಿದಳು. ಹಳೆಯ ದನಿ ಬಸ್ಸು ತಪ್ಪಿಹೋಗುತ್ತೆ ಅನ್ನುವವರ ಹಾಗೆ ಓದುತ್ತಿತ್ತು. ಇದು ನಿಂತು, ಯೋಚಿಸಿ, ಮುಂದೆ ಹೋಯಿತು. ಚಿಕ್ಕಮ್ಮ ಕೈಲಿದ್ದ ಹೆಣಿಗೆ ಬಿಟ್ಟು ಕೂತರು.

"ಯಾರೇ ಇವನು? ಅರ್ಥ ಮಾಡ್ಕೊಂಡು ಓದ್ತಾನಲ್ಲ."

"ಯಾವನೋ ಹಲ್ಲು ಕೀಳೋನು. ಒಂದು ಕೆಲಸವನ್ನೂ ನೆಟ್ಟಗೆ ಮುಗಿಸಲ್ಲ," ಅಂದಳು ಅವಳು.

ಅವಳ ಸಿಟ್ಟಿಗೆ ಚಿಕ್ಕಮ್ಮ ನಕ್ಕರು. ಅಂದಿನಿಂದ ಹಳೆಯ ದನಿಯನ್ನು ಹತ್ತಿರ ಸೇರಿಸಲಿಲ್ಲ.

ಇಷ್ಟಾದಮೇಲೂ ಅವನಿಗೆ ಒಂದು ಒಳ್ಳೆಯ ಮಾತು ಹೇಳಬೇಕು ಅಂತ ಅವಳಿಗೆ ತೋಚಲಿಲ್ಲ. ಹೇಳಿದ್ದು ತದ್ವಿರುದ್ಧ. ಎಲ್ಲರೂ ಓದುವ ಜಾಗದಲ್ಲಿ, ಯಾರ ಮೇಲಿನ ಸಿಟ್ಟನ್ನೋ ಅವನ ಮೇಲೆ ತೀರಿಸಿಕೊಂಡು, ಇದು ಅರ್ಧ ಕೆಲಸಗಳ ಗೋದಾಮಲ್ಲ, ನಿಮ್ಮಂಥವರು ಇಲ್ಲದಿದ್ದರೇ ನಮಗೆ ಹಗುರ ಅಂತ ಬರೆದುಬಿಟ್ಟಳು. ಆ ಸಲ ವಂದನೆ ಬರಲಿಲ್ಲ. ಆಮೇಲೆ ಏನೂ ಬರಲಿಲ್ಲ.

ಪೀಡೆ ತೊಲಗಿತು ಅಂದುಕೊಂಡಳು. ಆದರೆ ಮೂಲ ಕೋಡ್ ಮುಂದೆ ಹೋದ ಹಾಗೆ ಅವನ ಬ್ರಾಂಚ್ ಅದರ ಜೊತೆ ಹೊಂದದೆ, ಒಂದು ದಿನ ಚಿಕ್ಕಮ್ಮನ ಕಂಪ್ಯೂಟರ್ ಮೂಕವಾಯಿತು. ಅವಳೇ ಕೂತು ಹರಿದಲ್ಲಿ ಹೊಲಿದಳು. ಆರು ತಿಂಗಳ ನಿಯಮಕ್ಕೆ ಅದು ಬಲಿಯಾಗಬಾರದಲ್ಲ, ಹಾಗಾಗಿ ಹೊಲಿದಿದ್ದನ್ನು ವಾಪಸ್ ಅವನ ಬ್ರಾಂಚಿಗೇ ಸೇರಿಸಿದಳು, ಮೇಲುನೋಟಕ್ಕೆ ಅವನೇ ಮಾಡಿದಂತೆ ಕಾಣುವ ಹಾಗೆ. ಇದು ಭಾನುವಾರದ ಅಭ್ಯಾಸವೇ ಆಗಿಹೋಯಿತು. ನಿಯಮ ಬರೆದ ಕೈಯೇ ಕಳ್ಳಗೈ. ಬೇರೆ ಯಾರಾದರೂ ಇದನ್ನು ಮಾಡಿದ್ದರೆ ಅವಳು ಅವರ ನೀರಿಳಿಸಿಬಿಡುತ್ತಿದ್ದಳು. ಅವನೇನಾದರೂ ಬರೆದಿದ್ದಾನಾ ಅಂತ ನಡುನಡುವೆ ನೋಡುವಳು. ಬರೆದಿರುತ್ತಿರಲಿಲ್ಲ. ಯಾರಿಗೆ ಬೇಕು ಅಂದುಕೊಳ್ಳುವಳು. ಅವಳಿಗೆ ಬೇಕಾಗಿತ್ತು.

ಗುಂಪಿನವರು ವರ್ಷಕ್ಕೊಮ್ಮೆ ಮುಖತಃ ಸೇರುವ ದಿನ ಬಂತು. ಬಾಡಿಗೆಗೆ ಹಿಡಿದ ಮಹಡಿಯ ಕೋಣೆ, ಪ್ಲಾಸ್ಟಿಕ್ ಕುರ್ಚಿಗಳು, ಆಗಾಗ ಮುನಿಸಿಕೊಳ್ಳುವ ಪ್ರೊಜೆಕ್ಟರ್. ಲೋಕಕ್ಕೆಲ್ಲ ಸ್ವಾತಂತ್ರ್ಯ ತರುತ್ತೇವೆ ಅನ್ನುವ ವೀರರು ತಾವು ಕುಡಿದ ಚಹಾದ ಕಪ್ಪನ್ನು ಕುರ್ಚಿಯ ಕೆಳಗೇ ಬಿಟ್ಟಿದ್ದರು. ಗುಂಪು ಕಟ್ಟಿದ ಯಜಮಾನರ ಪಕ್ಕದಲ್ಲಿ ಕೂತು ಕತ್ತರಿ ಗೋಡೆಯ ಮೇಲೆ ಬ್ರಾಂಚುಗಳನ್ನು ಒಂದೊಂದಾಗಿ ತೋರಿಸಿ, ಅದರದರ ಒಡೆಯನಿಗೆ ಎರಡು ಮಾತು ಬಿಗಿದು ಅಳಿಸುತ್ತಾ ಹೋದಳು. ಕಣ್ಣಮುಂದೆಯೇ ತಮ್ಮ ಸೋಮಾರಿತನಕ್ಕೆ ಸಂಸ್ಕಾರವಾಗುತ್ತಿದ್ದರೂ ಅವರು ಬಿಸ್ಕತ್ತು ತಿನ್ನುವುದು ಬಿಡಲಿಲ್ಲ.

ಆಗ ಹಿಂದಿನ ಸಾಲಿನಲ್ಲಿ ಒಬ್ಬ ಎದ್ದು ನಿಂತ. ಸಪೂರ ಆಳು. ಉಗುರು ಗಿಡ್ಡಗೆ ಕತ್ತರಿಸಿದ, ಉಜ್ಜಿ ಉಜ್ಜಿ ತೊಳೆದ ಕೈಗಳು.

"ಯಜಮಾನರೇ, ನಂದೊಂದು ಬ್ರಾಂಚ್ ಇದೆ, ಉಸಿರಿಂದು," ಅಂದ. ಒಂದು ಉಸಿರಿನಷ್ಟು ನಿಂತ. "ಅದನ್ನೂ ಅಳಿಸಿಬಿಡಿ. ನಾನೂ ಇನ್ನು... ಹೊರಡ್ತೀನಿ. ಮೇಡಂಗೆ ಹಗುರ ಆಗಲಿ."

ಗುಂಡಿಯ ಮೇಲಿದ್ದ ಬೆರಳನ್ನು ಅವಳು ಹಿಂದೆಗೆದಳು. ಆ ಮನುಷ್ಯನನ್ನು ಅವಳು ಕಂಡಿರಲಿಲ್ಲ, ಅವನ ದನಿಯನ್ನೂ ಕೇಳಿರಲಿಲ್ಲ. ಆದರೆ ಅವನು ನಿಲ್ಲುವ ಜಾಗಗಳೆಲ್ಲ ಅವಳಿಗೆ ಗೊತ್ತಿದ್ದವು. ಅವನು ತಾನು ಗಟ್ಟಿಯಾಗಿ ಓದುವುದನ್ನೇ ಅಳೆದು ನೋಡಿ ಮಷೀನಿಗೆ ಕಲಿಸಿದ್ದ. ಇಷ್ಟು ಕಾಲ ಅವಳ ಮನೆಯಲ್ಲಿ ಉಸಿರಾಡುತ್ತಿದ್ದದ್ದು ಇವನೇ.

ಯಜಮಾನರು ಕನ್ನಡಕ ಏರಿಸಿಕೊಂಡು, ಅದು ಹೋದ ವಾರವೂ ಅಲುಗಾಡಿದೆಯಲ್ಲ ಅಂದರು. ತಾನು ಮುಟ್ಟಿ ತಿಂಗಳುಗಳಾದವು ಅಂದ ಡಾಕ್ಟರು. ಹಳೇದೇನೋ ತೋರಿಸ್ತಿರಬೇಕು, ಹೋಗ್ಲಿ ಬಿಡಿ, ಅಳಿಸಿ, ಊಟಕ್ಕೆ ಹೊತ್ತಾಯ್ತು ಅಂತ ಯಾರೋ ಗೊಣಗಿದರು. ಅವಳು ಒಂದು ಗುಂಡಿ ಒತ್ತಿದರೆ ಮುಗಿಯುತ್ತಿತ್ತು. ಅವಳ ಕಳ್ಳತನದ ಸುಳಿವೂ ಹೋಗುತ್ತಿತ್ತು, ಮಾನವೂ ಉಳಿಯುತ್ತಿತ್ತು, ಅವನು ಮೆಟ್ಟಿಲಿಳಿದು ಹೋಗಿಬಿಡುತ್ತಿದ್ದ.

"ಅಳಿಸಲ್ಲ," ಅಂದಳು. "ಮುಟ್ಟಿದ್ದು ನಾನು. ಕೇಳದೆ ಮುಟ್ಟಿದೆ, ವಾರವಾರವೂ. ಅದು ನಮ್ಮನೇಲಿ ಓಡ್ತಿದೆ."

ಬಿಸ್ಕತ್ತಿನ ಸದ್ದು ನಿಂತಿತು. ತಾನು ಹೊಲಿದದ್ದು, ಅವನ ಹೆಸರಲ್ಲಿ ಸೇರಿಸಿದ್ದು, ಚಿಕ್ಕಮ್ಮನಿಗೆ ಬೇರೆ ದನಿ ಬೇಡವಾದದ್ದು, ಎಲ್ಲವನ್ನೂ ಅವಳು ತಲೆ ಬಗ್ಗಿಸದೆ ಹೇಳಿದಳು. ಅವಳಿಂದ ಬೈಸಿಕೊಂಡವರೆಲ್ಲ ಒಬ್ಬರನ್ನೊಬ್ಬರು ನೋಡಿ ಹುಬ್ಬು ಹಾರಿಸಿದರು. ವರ್ಷದಲ್ಲಿ ಒಂದು ಸಾಲೂ ಮುಗಿಸದವರಿಗೂ ಅವತ್ತು ನಿಯಮ ಬಾಯಿಪಾಠವಾಗಿತ್ತು. ಅಧಿಕಾರ ಹೋಗಬೇಕಲ್ಲ ಅಂದರು. ಹೋಗಲಿ ಅಂತ ಅವಳು ಲ್ಯಾಪ್‌ಟಾಪನ್ನು ಯಜಮಾನರ ಮುಂದೆ ಸರಿಸಿ ಹೊರಗೆ ನಡೆದಳು.

ಮೆಟ್ಟಿಲ ಬಳಿ ಅವನು ಹಿಂದೆಯೇ ಬಂದ.

"ಚಿಕ್ಕಮ್ಮನಿಗೆ ಇಷ್ಟ ಅಂದ್ರಿ. ಒಂದು ಮಾತು ನನಗೆ ಹೇಳೋಕೆ ಆಗ್ತಿರಲಿಲ್ವಾ?"

"ಹೊಗಳೋದು ನನಗೆ ಬರಲ್ಲ."

"ಅದು ಊರಿಗೇ ಗೊತ್ತು," ಅಂದ ಅವನು. ಆ ದನಿಯಲ್ಲಿ ತಿರಸ್ಕಾರವೂ ಇತ್ತು, ನೋವೂ ಇತ್ತು. "ಆವತ್ತು ನೀವು ಬರೆದದ್ದನ್ನ ಓದಿ ಎರಡು ದಿನ ಕ್ಲಿನಿಕ್ ಮುಚ್ಚಿದ್ದೆ. ಆ ದನಿ ನಿಮಗೆ ಹೇಗನ್ನಿಸ್ತು, ಅದನ್ನ ಹೇಳಿ ಈಗ. ಚಿಕ್ಕಮ್ಮನ ಸುದ್ದಿ ಬೇಡ."

ನಾಲಿಗೆಯ ತುದಿಗೆ ಅವನ ಕೋಡಿನ ತಪ್ಪುಗಳು ಬಂದು ಕೂತವು. ಕಣ್ಣೆತ್ತಿ ನೋಡಿದಳು. ಅವನ ರೆಪ್ಪೆಯಂಚು ಒದ್ದೆಯಾಗಿತ್ತು, ಮುಖ ಮಾತ್ರ ಬಿಗಿದುಕೊಂಡಿತ್ತು. ತಾನು ಕೂಡ ಹೀಗೇ ಕಾಣುತ್ತಿರಬೇಕು ಅನ್ನಿಸಿತು ಅವಳಿಗೆ.

"ಚಿಕ್ಕಮ್ಮ ಸ್ನಾನಕ್ಕೆ ಹೋದಾಗಲೂ ಅದನ್ನ ನಿಲ್ಲಿಸ್ತಿರಲಿಲ್ಲ ನಾನು," ಅಂದಳು. "ಏನು ಓದ್ತಿದೆ ಅಂತ ಕೇಳ್ತಿರಲಿಲ್ಲ. ಅದು ನಿಂತಾಗ ನಾನೂ ನಿಲ್ಲೋಳು, ಅಷ್ಟೇ. ನೀವು ಹೋದ್ರೆ ಪ್ರಾಜೆಕ್ಟಿಗೆ ಏನೂ ಆಗಲ್ಲ ಡಾಕ್ಟ್ರೇ. ಅಲ್ಲಿರೋ ದಂಡಪಿಂಡಗಳು ಹೇಗೋ ಎಳ್ಕೊಂಡು ಹೋಗ್ತಾರೆ. ನನಗೆ ಆಗುತ್ತೆ. ನನಗೆ ನೀವು ಬೇಕು."

ಒಳಗೆ ಕುರ್ಚಿಗಳನ್ನು ಎಳೆದಾಡುವ ಸದ್ದು ಕೇಳಿಸಿತು. ಎಲ್ಲರೂ ಊಟಕ್ಕೆ ಏಳುತ್ತಿದ್ದರು. ಅವನು ಬಾಗಿಲಿಗೆ ಅಡ್ಡವಾಗಿ, ಅವಳು ಯಾರಿಗೂ ಕಾಣದ ಹಾಗೆ ನಿಂತುಕೊಂಡ.

"ಮೊದಲು ಕಣ್ಣೊರೆಸಿಕೊಳ್ಳಿ," ಅಂದ. "ಅವರ ಮುಂದೆ ಬೇಡ."